ಹುಳು ಮನೆಯ ಕಂದಾಯ

ನಾನು ಗ್ರಾಮ ಪಂಚಾಯಿತಿಯೊಂದರಲ್ಲಿ ಬಿಲ್ ಕಲೆಕ್ಟರ್. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಬರುವ ಕೆಲವು ಹಳ್ಳಿಗಳಲ್ಲಿ ಮನೆ ಕಂದಾಯ, ನೀರಿನ ದುಡ್ಡು ವಸೂಲಿ ಮಾಡುವುದು ನನ್ನ ಕೆಲಸ. ಹದಿನಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಮೊದಲು ಕೈಯಲ್ಲಿ ರಸೀತಿ ಪುಸ್ತಕ ಇರುತ್ತಿತ್ತು, ಈಗ ಮೆಷಿನ್ನು ಬಂದಿದೆ. ಉಳಿದದ್ದೇನೂ ಬದಲಾಗಿಲ್ಲ. ನಾನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಕೆಲವರು ಹಿತ್ತಲಿನಿಂದ ಹೊರಟುಬಿಡುತ್ತಾರೆ. ಮಕ್ಕಳನ್ನು ಮುಂದೆ ಬಿಟ್ಟು 'ಅಮ್ಮ ಮನೇಲಿಲ್ಲ' ಎಂದು ಹೇಳಿಸುತ್ತಾರೆ. ಬಾಗಿಲ ಸಂದಿಯಲ್ಲಿ ಅಮ್ಮನ ಸೀರೆಯ ಅಂಚು ನನಗೆ ಕಾಣುತ್ತಿರುತ್ತದೆ. ನಾಳೆ ಬರ್ತೀನಿ ಎಂದು ಹೇಳಿ ಮುಂದಕ್ಕೆ ಹೋಗುತ್ತೇನೆ. ಅವರ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಸಿಟ್ಟು ಮಾಡಿಕೊಳ್ಳಬೇಕಾದವರು ಬೇರೆ ಇದ್ದರು ಎಂದು ತಿಳಿಯಲು ಮಾತ್ರ ನನಗೆ ಬಹಳ ವರ್ಷ ಬೇಕಾಯಿತು.

ತಿಳಿಸಿಕೊಟ್ಟವರು ಮೇಲಿನ ಬೀದಿಯ ಒಬ್ಬ ಹೆಂಗಸು. ಅರವತ್ತು ದಾಟಿದೆ, ಗಂಡ ಇಲ್ಲ. ಇರುವುದು ಎರಡು ಕೋಣೆಯ ಮನೆ. ಒಂದರಲ್ಲಿ ಆಯಮ್ಮ ಮತ್ತು ಮಗಳು, ಇನ್ನೊಂದರಲ್ಲಿ ರೇಷ್ಮೆ ಹುಳು. ದೊಡ್ಡ ಕೋಣೆ ಹುಳುವಿಗೆ, ಚಿಕ್ಕದು ಮನುಷ್ಯರಿಗೆ. ಹುಳು ಪೊರೆ ಬಿಡುವ ಸಮಯಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ಹೋದಾಗ ಹುಳು ಜ್ವರಕ್ಕೆ ಕೂತಿದ್ದರೆ ಆಯಮ್ಮ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಒಳಗೆ ಕಂದಮ್ಮಗಳು ಮಲಗಿರುವಂತೆ. ದುಡ್ಡು ತಂದುಕೊಡುವ ಮೊದಲು ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಏನಮ್ಮಾ, ದೊಡ್ಡೋರೆಲ್ಲ ಕಟ್ಟಿದ್ರಾ?"

"ಕಟ್ಟಿದ್ರಮ್ಮಾ."

"ಹಂಗಾದ್ರೆ ಸರಿ. ನಮ್ಮದೂ ತಗೋ."

ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ದೊಡ್ಡವರ ಮನೆಗಳು ನನ್ನ ಪಟ್ಟಿಯಲ್ಲಿ ಬರುತ್ತಿರಲಿಲ್ಲ. 'ಅವರದ್ದು ಆಫೀಸಿನಲ್ಲೇ ಆಗುತ್ತೆ' ಎಂದು ಕೆಲಸಕ್ಕೆ ಸೇರಿದ ದಿನವೇ ಯಾರೋ ಹೇಳಿದ್ದರು. ನಾನು ಅದನ್ನು ನಂಬಿ ಸುಮ್ಮನಿದ್ದೆ. ನಂಬಿಕೊಂಡಿದ್ದರೆ ಕೆಲಸ ಸುಲಭವಾಗುತ್ತಿತ್ತು, ಅದಕ್ಕೆ ನಂಬಿದ್ದೆ ಎಂದರೂ ತಪ್ಪಿಲ್ಲ.

ನಮ್ಮಲ್ಲಿ ದೊಡ್ಡವರು ಎಂದರೆ ಮೊದಲು ನೆನಪಾಗುವುದು ಕಲ್ಯಾಣ ಮಂಟಪದ ಯಜಮಾನರು. ಚಿಂತಾಮಣಿ ರಸ್ತೆಗೆ ಮುಖ ಮಾಡಿರುವ ಆ ಮಂಟಪವನ್ನು ಬಸ್ಸಿನಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಾರೆ. ಎತ್ತರದ ಕಂಬಗಳು, ಮೇಲೆ ಎಸಿ ಹಾಲು, ಕೆಳಗೆ ಊಟದ ಹಾಲು, ಕಾರು ನಿಲ್ಲಿಸಲು ಒಂದು ಎಕರೆ ಜಾಗ. ಬೆಂಗಳೂರಿನವರೂ ಬಂದು ಮದುವೆ ಮಾಡುತ್ತಾರೆ. ಇವರ ತಂದೆಯ ಕಾಲದಲ್ಲಿ ಅದೇ ಜಾಗದಲ್ಲಿ ಉದ್ದನೆಯ ಹುಳು ಮನೆ ಇತ್ತು. ನನ್ನ ಅಮ್ಮ ಅಲ್ಲಿ ಕೂಲಿಗೆ ಹೋಗುತ್ತಿದ್ದಳು, ಹಿಪ್ಪುನೇರಳೆ ಸೊಪ್ಪು ಕುಯ್ದು ತರುವುದು, ಹುಳುವಿಗೆ ಹಾಕುವುದು, ಕಸ ತೆಗೆಯುವುದು.

ಯಜಮಾನರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳಿಗೆಲ್ಲ ನೋಟುಬುಕ್ಕು ಹಂಚುತ್ತಿದ್ದರು. ಮುರುಗಮಲ್ಲದ ಉರುಸಿಗೆ ಹೋಗುವವರಿಗೆ ಮಂಟಪದ ಮುಂದೆ ಮಜ್ಜಿಗೆ ಕೊಡಿಸುತ್ತಿದ್ದರು. ನಾನು ಎಸ್‌ಎಸ್‌ಎಲ್‌ಸಿ ಪಾಸಾದಾಗ ಚಿಂತಾಮಣಿಯ ಕಾಲೇಜಿಗೆ ಸೇರಲು ಫೀಸು ಕಟ್ಟಿದವರೂ ಅವರೇ. ಆ ದುಡ್ಡಿಗಾಗಿ ಅಮ್ಮ ನನ್ನನ್ನು ಅವರ ಮನೆಯ ಹಿಂದಿನ ಜಗುಲಿಗೆ ಕರೆದುಕೊಂಡು ಹೋಗಿದ್ದಳು. ಮುಂದಿನ ಬಾಗಿಲಿಗೆ ನಮ್ಮ ಕೇರಿಯವರು ಹೋಗುತ್ತಿರಲಿಲ್ಲ. ಅರ್ಧ ದಿನ ಕಾದೆವು. ಅವರು ಬಂದು, 'ಚೆನ್ನಾಗಿ ಓದಮ್ಮ' ಎಂದು ಕವರು ಕೊಟ್ಟರು. ಅಮ್ಮ ನನ್ನ ಹೆಗಲು ಒತ್ತಿದಳು, ನಾನು ಅವರ ಕಾಲಿಗೆ ಬಿದ್ದೆ. ಯಾರೋ ಫೋಟೋ ತೆಗೆದರು. ಆ ಫೋಟೋ ನಮ್ಮ ಶಾಲೆಯ ಆಫೀಸಿನಲ್ಲಿ ಬಹಳ ವರ್ಷ ಇತ್ತು. ನನ್ನ ಮುಖ ಕಾಣುವುದಿಲ್ಲ ಅದರಲ್ಲಿ, ಜಡೆ ಮಾತ್ರ ಕಾಣುತ್ತದೆ.

ಹೋದ ವರ್ಷ ಎರಡು ಆದೇಶ ಒಟ್ಟಿಗೆ ಬಂದವು. ಎಲ್ಲ ಕಟ್ಟಡಗಳನ್ನೂ ಹೊಸದಾಗಿ ಅಳೆದು ದಾಖಲೆ ಸರಿಮಾಡಿ ಎಂಬುದು ಒಂದು. ಬಾಕಿ ಉಳಿಸಿಕೊಂಡವರಿಂದ ಖಡಕ್ಕಾಗಿ ವಸೂಲಿ ಮಾಡಿ ಎಂಬುದು ಇನ್ನೊಂದು. ನಮ್ಮ ಪಿಡಿಒ ಗೌರಿಬಿದನೂರು ಕಡೆಯವರು, ಇನ್ನೂ ಚಿಕ್ಕ ವಯಸ್ಸು. ದಿನಾ ಅಷ್ಟು ದೂರದಿಂದ ಬೈಕಿನಲ್ಲಿ ಬರುತ್ತಿದ್ದರು. ಎರಡನೇ ಆದೇಶವನ್ನು ಅವರು ಮೊದಲು ಕೈಗೆತ್ತಿಕೊಂಡರು. ಬಾಕಿಯವರ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿ, ನೀರಿನ ಕನೆಕ್ಷನ್ ಕಿತ್ತುಹಾಕಿ ಎಂದರು. ನಾನು ಪಟ್ಟಿ ಬರೆದೆ. ಹನ್ನೊಂದು ಮನೆ. ಮೇಲಿನ ಬೀದಿಯ ಹೆಂಗಸಿನದ್ದೂ ಇತ್ತು. ಆ ಸಲ ಹುಳುಗಳು ಸುಣ್ಣಕಟ್ಟು ರೋಗ ಬಂದು, ಗೂಡು ಕಟ್ಟುವ ಮೊದಲೇ ಬೆಳ್ಳಗೆ ಗಟ್ಟಿಯಾಗಿ ಸತ್ತಿದ್ದವು. ಹದಿನಾರು ವರ್ಷದಲ್ಲಿ ಆಯಮ್ಮ ಕಂದಾಯ ಉಳಿಸಿಕೊಂಡದ್ದು ಅದೇ ಮೊದಲು.

ಅವರ ಹೆಸರು ಬರೆಯುವಾಗ ಅವರ ಪ್ರಶ್ನೆ ನೆನಪಾಯಿತು. ಪೆನ್ನು ಕೆಳಗಿಟ್ಟೆ. ದೊಡ್ಡವರು ನಿಜಕ್ಕೂ ಎಷ್ಟು ಕಟ್ಟುತ್ತಿದ್ದಾರೆ, ಒಂದು ಸಲ ನೋಡಿಬಿಡೋಣ ಅನ್ನಿಸಿತು. ರಿಜಿಸ್ಟರಿನ ಹಾಳೆ ತಿರುವಿದೆ. ಅಂಗಡಿಗಳ ಪುಟದಲ್ಲಿ ಕಲ್ಯಾಣ ಮಂಟಪ ಇರಲಿಲ್ಲ. ಮನೆಗಳ ಪುಟದಲ್ಲೂ ಇರಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಹುಡುಕಿದ ಮೇಲೆ ಕೊನೆಗೆ ಸಿಕ್ಕಿತು. ಯಜಮಾನರ ತಂದೆಯ ಹೆಸರು, ಅದೇ ಜಾಗ, ಅದೇ ಚೆಕ್ಕುಬಂದಿ. ಮುಂದೆ ಹೀಗೆ ಬರೆದಿತ್ತು: ರೇಷ್ಮೆ ಹುಳು ಮನೆ, ಮಣ್ಣಿನ ಗೋಡೆ, ಹೆಂಚಿನ ಮಾಡು. ವ್ಯವಸಾಯದ ಕಟ್ಟಡವೆಂದು ಕಂದಾಯದ ಕಲಂನಲ್ಲಿ ಒಂದು ಗೆರೆ ಎಳೆದಿದ್ದರು. ಅಷ್ಟೇ.

ನನಗೆ ಮೊದಲು ನಗು ಬಂತು. ಆಮೇಲೆ ಮೈ ಬಿಸಿಯಾಯಿತು. ಹುಳುವಿಗೆ ದೊಡ್ಡ ಕೋಣೆ ಬಿಟ್ಟು ತಾನು ಚಿಕ್ಕದರಲ್ಲಿ ಮಲಗುವ ಹೆಂಗಸು ಇಡೀ ಮನೆಗೆ ಕಂದಾಯ ಕಟ್ಟುತ್ತಾಳೆ. ಒಂದು ಹುಳುವೂ ಇಲ್ಲದ ಮಂಟಪ ಹುಳು ಮನೆಯಾಗಿ ಕೂತಿದೆ.

ರಿಜಿಸ್ಟರ್ ಎತ್ತಿಕೊಂಡು ಹೋಗಿ ಪಿಡಿಒ ಮುಂದೆ ಬಿಚ್ಚಿಟ್ಟೆ. ಅವರು ನೋಡಿ ಮುಚ್ಚಿದರು.

"ಗೊತ್ತು ಮೇಡಂ."

"ಗೊತ್ತಿದ್ದೂ ಸುಮ್ನಿದ್ದೀರಾ ಸಾರ್?"

"ನಾನು ಬರೋಕೆ ಮುಂಚೆಯಿಂದ ಹಂಗೇ ಇದೆ. ನಾನಿಲ್ಲಿ ಎಷ್ಟು ದಿನ ಇರ್ತೀನೋ ಏನೋ." ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. "ನೋಡಿ, ಈ ಹನ್ನೊಂದು ಮನೆ ನೀರು ನಿಲ್ಸಿದ್ರೆ ನನಗೆ ಒಂದು ಫೋನೂ ಬರಲ್ಲ. ಆ ಮಂಟಪಕ್ಕೆ ಒಂದು ನೋಟಿಸು ಕೊಟ್ರೆ ಎಷ್ಟು ಫೋನ್ ಬರ್ತವೆ ಅಂತ ನಿಮಗೆ ಗೊತ್ತಿಲ್ಲ."

ಅವರು ಸುಳ್ಳು ಹೇಳಲಿಲ್ಲ. ಅವರ ಬಗ್ಗೆ ನನಗೆ ಈಗಲೂ ಗೌರವ ಇರುವುದು ಅದಕ್ಕೇ. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಬಂದ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

"ಹಂಗಾದ್ರೆ ಈ ಪಟ್ಟಿಗೆ ನಾನು ಸೈನ್ ಹಾಕಲ್ಲ ಸಾರ್. ಅಳೀರಿ ಅಂತ ಆದೇಶ ಬಂದಿದೆ. ಮೊದಲು ಮಂಟಪ ಅಳೀತೀನಿ. ಆಮೇಲೆ ಬೇಕಾದ್ರೆ ನೀರು ನಿಲ್ಸಣ."

"ನಿಮ್ಮಿಷ್ಟ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತೇನೋ. ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ಪಕ್ಕಕ್ಕಿಟ್ಟಳು.

"ಆ ಮನೆ ಸೊಪ್ಪು ಹೊತ್ತು ನಿನ್ನ ಸಾಕಿದ್ದೀನಿ ಕಣೇ. ಆವಯ್ಯ ಫೀಸು ಕಟ್ಟದಿದ್ರೆ ನೀನು ಇವತ್ತು ಈ ಬ್ಯಾಗು ನೇತಾಕ್ಕೊಂಡು ಓಡಾಡ್ತಿದ್ದೇನೇ? ಅವರ ಮನೆ ಮುಂದೆ ಟೇಪು ಹಿಡ್ಕೊಂಡು ನಿಂತ್ಕೊಳ್ಳೋಕೆ ನಿನಗೆ ಮನಸ್ಸಾದ್ರೂ ಹೆಂಗೆ ಬರುತ್ತೆ?"

"ಅಮ್ಮ, ದಾಖಲೇಲಿ ಅದಿನ್ನೂ ಹುಳು ಮನೆ ಅಂತಲೇ ಇದೆ."

"ಯಾವ ಹುಳು ಮನೆ? ಅದನ್ನ ಕೆಡವಿ ಎಷ್ಟು ಕಾಲ ಆಯ್ತು! ಹೆಂಚೆಲ್ಲ ಇಳಿಸಿದ್ದು ನಾವೇ. ಮೂರು ದಿನ ಇಳಿಸಿದ್ವಿ. ಕೂಲಿ ಬದಲು ಹೆಂಚು ತಗೊಂಡೋಗ್ರಿ ಅಂದ್ರು, ಹೊತ್ಕೊಂಡು ಬಂದ್ವಿ. ನಮ್ಮ ಅಡಿಗೆ ಮನೆ ಮೇಲಿರೋದು ಯಾವ ಹೆಂಚು ಅಂದ್ಕೊಂಡಿದ್ದೀಯ ನೀನು?"

ನಾನು ತಲೆ ಎತ್ತಿ ನೋಡಿದೆ. ಹೊಗೆ ಹಿಡಿದು ಕರ್ರಗಾದ ಹೆಂಚು. ಹುಟ್ಟಿದಾಗಿನಿಂದ ಅದರ ಕೆಳಗೆ ಉಂಡಿದ್ದೇನೆ ಎಂದುಕೊಂಡಿದ್ದೆ. ಅದು ನಾನು ಸಣ್ಣವಳಿದ್ದಾಗ ಬಂದದ್ದಂತೆ. ಅದಕ್ಕೆ ಮೊದಲು ಅಲ್ಲಿ ಹುಲ್ಲಿನ ಮಾಡು ಇತ್ತಂತೆ. ಹೆಂಚಿನ ಮಾಡು ಬಂತೆಂದು ನಮ್ಮ ಮನೆಯ ಕಂದಾಯ ಏರಿಸಿದ್ದರು, ಅದನ್ನು ನಾವು ಒಂದು ವರ್ಷವೂ ತಪ್ಪದೆ ಕಟ್ಟಿದ್ದೇವೆ. ಅಮ್ಮ ಇದನ್ನೆಲ್ಲ ಹೇಳಿದ್ದು ನನ್ನನ್ನು ತಡೆಯುವುದಕ್ಕೆ. ನಾನು ಮಾತ್ರ ಆ ಮಾತು ಕೇಳಿದ ಮೇಲೆ ಹೋಗಲೇಬೇಕೆಂದು ತೀರ್ಮಾನ ಮಾಡಿದೆ.

ಮಾರನೆಯ ದಿನ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಿತ್ತು. ನಮ್ಮ ವಾಟರ್‌ಮನ್‌ರನ್ನು ಕೇಳಿದೆ. ಮುರುಗಮಲ್ಲದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಮ್ಮಿ. ಊರಿನ ಯಾವ ಪೈಪು ಯಾವ ಮನೆಯ ಗೋಡೆಯ ಕೆಳಗೆ ಹೋಗಿದೆ ಎಂಬುದು ಅವರಿಗೆ ಬಾಯಿಪಾಠ.

"ನೀರು ಕಟ್ ಮಾಡೋಕೆ ಕರೀತೀರೇನೋ ಅಂತ ನಾಲ್ಕು ದಿನದಿಂದ ನಿದ್ದೆ ಇಲ್ಲ ಮೇಡಂ," ಎಂದರು. "ಟೇಪ್ ಹಿಡಿಯೋಕಾದ್ರೆ ಬರ್ತೀನಿ. ನಡೀರಿ."

ಆ ದಿನ ಮದುವೆ ಇರಲಿಲ್ಲ. ಹಿಂದಿನ ದಿನದ ಮದುವೆಯ ದೊಡ್ಡ ಪಾತ್ರೆಗಳನ್ನು ಹೆಂಗಸರು ತೊಳೆಯುತ್ತಿದ್ದರು. ನಾವು ಮುಂದಿನ ಗೋಡೆಯಿಂದ ಶುರು ಮಾಡಿದೆವು. ಅವರು ಹಿಡಿದರು, ನಾನು ಬರೆದುಕೊಂಡೆ. ಎರಡು ಗೋಡೆ ಮುಗಿಯುವ ಹೊತ್ತಿಗೆ ಯಜಮಾನರ ಕಾರು ಬಂತು.

"ಏನಮ್ಮ, ಬಿಸಿಲಲ್ಲಿ! ಒಳಗೆ ಬಾ, ಕೂತ್ಕೋ. ಕಾಫಿ ಕುಡಿ."

"ಅಳತೆ ಮುಗೀಲಿ ಸಾರ್, ಆಮೇಲೆ ಕುಡೀತೀನಿ."

ನಾನು ಅವರನ್ನು ಸಾರ್ ಎಂದದ್ದು ಅದೇ ಮೊದಲು. ಅಲ್ಲಿಯವರೆಗೆ ಯಜಮಾನ್ರೇ ಎನ್ನುತ್ತಿದ್ದೆ. ಅವರಿಗೂ ಅದು ಗೊತ್ತಾಯಿತು. ಮೆಟ್ಟಿಲ ಮೇಲೆ ನಿಂತರು. ಸಿಟ್ಟು ಮಾಡಿಕೊಳ್ಳಲಿಲ್ಲ, ಮಕ್ಕಳಿಗೆ ಬುದ್ಧಿ ಹೇಳುವಂತೆ ಮಾತಾಡಿದರು.

"ನಾನು ಇನ್‌ಕಮ್ ಟ್ಯಾಕ್ಸ್ ಕಟ್ತೀನಿ. ಜಿಎಸ್‌ಟಿ ಕಟ್ತೀನಿ. ಇಪ್ಪತ್ತು ಮನೆ ನನ್ನಿಂದ ನಡೀತವೆ. ಈ ಊರಿನೋರು ಏನು ಕಟ್ತಾರಮ್ಮ? ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ. ನಮ್ಮಪ್ಪ ಸೈಕಲ್ ತುಳಿದು ಗೂಡು ಮಾರಿ ಮೇಲೆ ಬಂದೋರು. ಕಷ್ಟಪಟ್ಟು ಮೇಲೆ ಬಂದ ತಪ್ಪಿಗೆ ಎಲ್ಲರ ಪಾಲೂ ನಾವೇ ಕಟ್ಬೇಕಾ? ಎಲ್ಲರೂ ಮನುಷ್ಯರೇ ಅಲ್ವಾ, ಎಲ್ಲರಿಗೂ ಒಂದೇ ರೇಟು ಹಾಕು, ಕಟ್ತೀನಿ."

ಅದು ಬಾಯಿಗೆ ಬಂದಂತೆ ಆಡಿದ ಮಾತಾಗಿರಲಿಲ್ಲ. ನಂಬಿಯೇ ಹೇಳಿದ್ದರು. ಪಾತ್ರೆ ತೊಳೆಯುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ವಾಟರ್‌ಮನ್ ಟೇಪು ಬಿಟ್ಟಿರಲಿಲ್ಲ. ಇಷ್ಟು ವರ್ಷ ಬಾಗಿಲು ಬಾಗಿಲು ತಿರುಗಿ ಕಂಡದ್ದೆಲ್ಲ ಒಂದೇ ಸಲಕ್ಕೆ ಬಾಯಿಗೆ ಬಂತು.

"ಸಾರ್, ಮೇಲಿನ ಬೀದೀಲಿ ಒಬ್ಬಮ್ಮ ಇದ್ದಾರೆ. ಎಣ್ಣೆ, ಸೋಪು, ಫೋನ್ ರೀಚಾರ್ಜು, ಅಂಗಡೀಲಿ ನೀವೆಷ್ಟು ಟ್ಯಾಕ್ಸ್ ಕೊಡ್ತೀರೋ ಆಯಮ್ಮನೂ ಅಷ್ಟೇ ಕೊಡ್ತಾರೆ. ಅಲ್ಲಿ ಆಗ್ಲೇ ಒಂದೇ ರೇಟು. ಆಯಮ್ಮ ಮನೆ ಕಂದಾಯ ಕಟ್ಟಿದ್ರೆ ಆ ವಾರ ಮನೇಗೆ ಎಣ್ಣೆ ಪ್ಯಾಕೆಟ್ ಬರಲ್ಲ. ನೀವು ಅದರ ನೂರರಷ್ಟು ಕಟ್ಟಿದ್ರೂ ನಿಮ್ಮ ಎಲೇಲಿ ಒಂದು ಹಪ್ಪಳ ಕಮ್ಮಿ ಆಗಲ್ಲ. ಇಬ್ಬರಿಗೂ ಒಂದೇ ಅಂದ್ರೆ ಅದು ಒಂದೇ ಹೆಂಗಾಗುತ್ತೆ? ನಿಮ್ಮಲ್ಲಿ ಒಂದು ಮದುವೆ ಆದ್ರೆ ಮಾರನೇ ದಿನ ಕಸ ಎತ್ತೋಕೆ ಪಂಚಾಯಿತಿ ಗಾಡಿ ಬರುತ್ತೆ. ಆ ಗಾಡಿಗೆ ಡೀಸೆಲ್ ಹಾಕ್ತಿರೋದು ಆಯಮ್ಮನ ದುಡ್ಡಿಂದ ಸಾರ್. ನಿಮ್ಮ ಗೇಟಿನ ಮುಂದಿರೋ ಬೀದಿ ದೀಪಾನೂ ಅಷ್ಟೇ. ಇಲ್ಲಿ ಪುಕ್ಕಟೆ ತಿಂತಿರೋರು ಯಾರು ಅಂತ ನೀವೇ ಹೇಳಿ."

ಯಜಮಾನರು ಒಂದು ಮೆಟ್ಟಿಲು ಕೆಳಗಿಳಿದರು. ಆಮೇಲೆ ಮೆತ್ತಗೆ ಕೇಳಿದರು.

"ನಿನ್ನ ಕಾಲೇಜು ಫೀಸು ಕಟ್ಟಿದ್ದು ಯಾರು ಅಂತ ಮರ್ತೋಯ್ತಾ?"

ಇದು ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಒಂದು ಕ್ಷಣ ಟೇಪು ಸುತ್ತಿಕೊಂಡು ಹೊರಟುಹೋಗೋಣ ಅನ್ನಿಸಿದ್ದು ನಿಜ.

"ಮರೆತಿಲ್ಲ ಸಾರ್. ಸಾಯೋವರೆಗೂ ಮರೆಯಲ್ಲ. ಆದ್ರೆ ಆ ಉಪಕಾರ ನನ್ನ ಮೇಲಿದೆ, ಪಂಚಾಯಿತಿ ಮೇಲಿಲ್ಲ. ನಾನಿಲ್ಲಿ ನಿಮ್ಮ ದುಡ್ಡಲ್ಲಿ ಓದಿದ ಹುಡುಗಿಯಾಗಿ ಬಂದಿಲ್ಲ, ಬಿಲ್ ಕಲೆಕ್ಟರ್ ಆಗಿ ಬಂದಿದ್ದೀನಿ."

ಅವರು ಕಾವಲುಗಾರನಿಗೆ ಕೈಸನ್ನೆ ಮಾಡಿದರು. ನಮ್ಮನ್ನು ಹೊರಗೆ ಕಳಿಸಿ ಗೇಟಿಗೆ ಬೀಗ ಹಾಕಿದರು. ಒಳಗಿನ ಅಳತೆ ಆಗಲಿಲ್ಲ. ವಾಟರ್‌ಮನ್ ಮಂಟಪದ ಹಿಂದಿನ ಹಿಪ್ಪುನೇರಳೆ ತೋಟಕ್ಕೆ ಇಳಿದರು. ಅಲ್ಲಿ ಕಾಂಪೌಂಡು ಇರಲಿಲ್ಲ. ಉಳಿದ ಎರಡು ಗೋಡೆಗಳನ್ನು ನಾವು ಆ ಕಡೆಯಿಂದ ಅಳೆದೆವು. ಸೊಪ್ಪಿನ ಗಿಡಗಳ ನಡುವೆ ಓಡಾಡಿ ನನ್ನ ಸೀರೆಯ ತುಂಬ ಕೆಮ್ಮಣ್ಣು.

ಮೂರನೆಯ ದಿನ ನನ್ನ ಕೈಗೆ ಒಂದು ನೋಟಿಸು ಬಂತು. ಅನುಮತಿಯಿಲ್ಲದೆ ಖಾಸಗಿ ಜಾಗ ಪ್ರವೇಶಿಸಿದ್ದೀರಿ, ಸಾರ್ವಜನಿಕರ ಜೊತೆ ಒರಟಾಗಿ ವರ್ತಿಸಿದ್ದೀರಿ, ಏಕೆ ಕ್ರಮ ಕೈಗೊಳ್ಳಬಾರದು ಎಂದು. ಸಹಿ ನಮ್ಮ ಪಿಡಿಒದು. ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. ಫೋನು ಬಂದಿರಬೇಕು. ನಾನು ಮನೆಗೆ ಹೋಗಿ ಉತ್ತರ ಬರೆದೆ. ಆದೇಶದ ಪ್ರತಿ ಲಗತ್ತಿಸಿದೆ. 'ಅಳೆಯಿರಿ ಎಂದು ಆದೇಶವಿದೆ. ಅಳೆದಿದ್ದೇನೆ. ಉಳಿದ ಅಳತೆಗೆ ಬೀಗ ತೆಗೆಸಿಕೊಡಬೇಕಾಗಿ ಕೋರುತ್ತೇನೆ' ಎಂದು ಮುಗಿಸಿದೆ. ನನ್ನ ಗಂಡ ಚಿಂತಾಮಣಿಯಲ್ಲಿ ಬಸ್ಸು ರಿಪೇರಿ ಮಾಡುವವರು, ಪಂಚಾಯಿತಿ ವಿಷಯಕ್ಕೆ ತಲೆ ಹಾಕುವವರಲ್ಲ. ಓದಿ ನೋಡಿ, "ಕ್ಷಮಿಸಿ ಅಂತ ಎಲ್ಲೂ ಬರ್ದಿಲ್ವಲ್ಲ" ಎಂದರು. "ಬರೆಯಲ್ಲ" ಎಂದೆ. ಅವರು ಕಾಗದ ಮಡಿಚಿ ಕವರಿಗೆ ಹಾಕಿಕೊಟ್ಟರು.

ಅಮ್ಮ ಮಾತು ಬಿಟ್ಟಿದ್ದಳು. ತಟ್ಟೆಗೆ ಮುದ್ದೆ ಹಾಕುತ್ತಿದ್ದಳು, ಸಾರು ಬಿಡುತ್ತಿದ್ದಳು, ಬೇಕಾ ಸಾಕಾ ಎಂದೂ ಕೇಳುತ್ತಿರಲಿಲ್ಲ. ನಮ್ಮ ಕೇರಿಯಲ್ಲೇ ಕೆಲವರು ನನ್ನನ್ನು ಬೈದರು. ಮಂಟಪದಲ್ಲಿ ಕೆಲಸಕ್ಕೆ ಹೋಗುವ ಒಬ್ಬಳು ಬೀದಿಯಲ್ಲೇ ನಿಲ್ಲಿಸಿ, "ನಿನಗೆ ತಿಂಗಳಾದ್ರೆ ಸಂಬಳ ಬರುತ್ತೆ ಅಕ್ಕ, ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?" ಎಂದಳು. ಕಂದಾಯ ಕಟ್ಟಬೇಕಾದರೆ ಆಳುಗಳ ಕೂಲಿ ಕಡಿಮೆ ಮಾಡಬೇಕಾಗುತ್ತದೆ ಎಂದು ಮಂಟಪದಲ್ಲಿ ಅವಳಿಗೆ ಹೇಳಿದ್ದರಂತೆ. ಗ್ರಾಮಸಭೆಯವರೆಗಿನ ಆ ಮೂರು ವಾರ ನನ್ನ ಜೀವನದಲ್ಲಿ ಬಹಳ ಉದ್ದವಾಗಿದ್ದವು.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಶಾಮಿಯಾನ ಹಾಕಿದ್ದರು. ಯಜಮಾನರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಪಂಚಾಯಿತಿ ಅಧ್ಯಕ್ಷೆಯ ಪಕ್ಕದಲ್ಲಿ ಪಿಡಿಒ. ನನ್ನ ಸರದಿ ಬಂದಾಗ ಬಾಕಿ ಪಟ್ಟಿ ಓದಿ ಎಂದರು. ಮೈಕು ಹಿಡಿದೆ.

"ಈ ಹನ್ನೊಂದು ಹೆಸರು ಓದೋಕೆ ಮುಂಚೆ ಇನ್ನೊಂದು ಎಂಟ್ರಿ ಓದ್ತೀನಿ."

ಓದಿದೆ. ರಸ್ತೆಗೆ ಮುಖವಾದ ಜಾಗ, ಚೆಕ್ಕುಬಂದಿ, ರೇಷ್ಮೆ ಹುಳು ಮನೆ, ಮಣ್ಣಿನ ಗೋಡೆ, ಹೆಂಚಿನ ಮಾಡು, ಕಂದಾಯ ಇಲ್ಲ. ಯಾವ ಜಾಗ ಎಂದು ಜನಕ್ಕೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಹಿಂದಿನ ಸಾಲಿನಿಂದ ನಗು ಎದ್ದಿತು.

ಆಗ ಮೇಲಿನ ಬೀದಿಯ ಹೆಂಗಸು ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೊದಲು ತಿರುಗಿದ್ದು ನನ್ನ ಕಡೆಗೇ.

"ಅಮ್ಮಾ, ನಾನು ವರ್ಷ ವರ್ಷ ಕೇಳಿದಾಗ ದೊಡ್ಡೋರೆಲ್ಲ ಕಟ್ಟಿದ್ದಾರೆ ಅಂತಿದ್ದೆಯಲ್ಲಾ?"

ಅಷ್ಟು ಜನರ ಮುಂದೆ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನೋಡದೇ ಹೇಳಿದ್ದೆ ಅಮ್ಮಾ. ತಪ್ಪಾಯ್ತು."

"ಸರಿ ಬಿಡು," ಎಂದು ಆಯಮ್ಮ ಮುಂದಿನ ಸಾಲಿಗೆ ತಿರುಗಿದರು. "ಸೋಮಿ, ನಾವೂ ಹುಳ ಸಾಕೋರೇ. ಈ ಸಲ ನಮ್ಮದೆಲ್ಲ ಸುಣ್ಣಕಟ್ಟು ಬಂದು ಹೋಯ್ತು. ಅಷ್ಟು ದೊಡ್ಡ ಹುಳು ಮನೆ ಇಟ್ಕೊಂಡಿದ್ದೀರಲ್ಲ, ನಿಮ್ಮ ಹುಳ ಹೆಂಗವೆ? ಯಾವ ಜ್ವರದಾಗವೆ? ನಾಲ್ಕನೇ ಜ್ವರ ಎದ್ದ ಮೇಲೆ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕ್ತೀರಾ? ಎಸಿ ಹಾಕಿದ್ರೆ ಹುಳಕ್ಕೆ ಒಳ್ಳೇದಾ ಸೋಮಿ? ಚೆಪ್ಪಂಡಿ, ನಾವೂ ಕಲ್ತ್ಕೋತೀವಿ."

ಕೊನೆಗೆ 'ಹೇಳಿ' ಎನ್ನುವುದನ್ನು ತೆಲುಗಿನಲ್ಲಿ ಅಂದದ್ದು ಬೇಕೆಂತಲೇ. ಅಂಗಳ ಅಂಗಳವೇ ನಕ್ಕಿತು. ಅಧ್ಯಕ್ಷೆ ಸೆರಗು ಬಾಯಿಗಿಟ್ಟುಕೊಂಡರು. ಯಜಮಾನರು ನಗಲಿಲ್ಲ. ಎದ್ದು ನಿಂತು, "ಅದು ಹಳೇ ದಾಖಲೆ. ತಿದ್ದೋದು ಪಂಚಾಯಿತಿ ಕೆಲ್ಸ. ಅದರಲ್ಲಿ ನನ್ನ ತಪ್ಪೇನಿದೆ?" ಎಂದರು.

"ನೀವು ಹೇಳಿದ್ದು ಸರಿ ಸಾರ್," ಎಂದೆ. "ಪಂಚಾಯಿತಿ ಕೆಲ್ಸ. ಇವತ್ತೇ ತಿದ್ದಣ. ಆ ಹುಳು ಮನೆ ಹೆಂಚು ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ನಮ್ಮನೆಗೆ ಬಂದು ನೋಡ್ಲಿ. ನಮ್ಮ ಅಡಿಗೆ ಮನೆ ಮೇಲಿದೆ. ನಮ್ಮಮ್ಮನಿಗೆ ಕೂಲಿ ಬದಲು ಕೊಟ್ಟಿದ್ದು. ಅದಕ್ಕೆ ನಾವು ಇಷ್ಟು ವರ್ಷವೂ ಕಂದಾಯ ಕಟ್ಟಿದ್ದೀವಿ, ರಸೀತಿ ಎಲ್ಲಾ ಇದಾವೆ."

ಈ ಸಲ ಯಾರೂ ನಗಲಿಲ್ಲ. ಸಭೆಯ ಪುಸ್ತಕದಲ್ಲಿ ಅಧ್ಯಕ್ಷೆ ತಾವೇ ಬರೆಸಿದರು. ಮಂಟಪವನ್ನು ಎಲ್ಲರ ಎದುರಿಗೆ ಅಳೆಯಬೇಕು, ಅಲ್ಲಿಯವರೆಗೆ ಯಾರ ಮನೆಯ ನೀರನ್ನೂ ನಿಲ್ಲಿಸಬಾರದು ಎಂದು. ಪಿಡಿಒ ಸಹಿ ಹಾಕಿದರು. ಹಾಕಿ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಭಯವೂ ಇತ್ತು, ಏನೋ ಹಗುರವಾದಂತೆಯೂ ಇತ್ತು.

ಬೀಗ ತೆಗೆದರು. ಅಳತೆಯಾಯಿತು, ವಾಣಿಜ್ಯ ಕಟ್ಟಡವೆಂದು ಕಂದಾಯ ಹಾಕಿದರು. ಯಜಮಾನರು ಚಿಕ್ಕಬಳ್ಳಾಪುರದಿಂದ ವಕೀಲರನ್ನು ಕರೆಸಿ ಮೇಲ್ಮನವಿ ಹಾಕಿಸಿದರು. ಎರಡು ಸಲ ವಿಚಾರಣೆಗೆ ನನ್ನನ್ನೂ ಕರೆದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದೆ. ಆದೇಶ ಪಂಚಾಯಿತಿಯ ಪರವಾಗಿ ಬಂತು. ಹಿಂದಿನ ವರ್ಷಗಳದ್ದನ್ನು ಬಿಟ್ಟುಬಿಟ್ಟರು, ಅದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ. ಬಡವರ ಹಿಂದಿನ ಬಾಕಿಯನ್ನು ಯಾರೂ ಹಾಗೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಈ ವರ್ಷದ್ದನ್ನು ಅವರು ಕಟ್ಟಿದರು. ತಾವು ಬರಲಿಲ್ಲ, ಮ್ಯಾನೇಜರನ್ನು ಕಳಿಸಿದರು. ಮೆಷಿನ್ನಿನಿಂದ ಚೀಟಿ ಹರಿದು ಕೊಟ್ಟೆ. ಉಳಿದವರಿಗೆ ಕೊಡುವಂಥದ್ದೇ ಚೀಟಿ, ಅಷ್ಟೇ ಉದ್ದ.

ಮೇಲಿನ ಬೀದಿಯ ಹೆಂಗಸು ಅರ್ಜಿ ಬರೆಸಿಕೊಂಡು ಬಂದರು. 'ನಮ್ಮ ದೊಡ್ಡ ಕೋಣೆ ಹುಳು ಮನೆ, ಬೇಕಾದರೆ ಯಾರಾದರೂ ಬಂದು ನೋಡಿ' ಎಂದು. ಪಿಡಿಒ ಖುದ್ದಾಗಿ ಹೋದರು, ಆಯಮ್ಮ ಅವರನ್ನೂ ಹೊಸ್ತಿಲಲ್ಲೇ ನಿಲ್ಲಿಸಿದರು, ಅಲ್ಲಿಂದಲೇ ನೋಡಿಕೊಂಡು ಬಂದರು. ಆಯಮ್ಮನ ಕಂದಾಯ ಈಗ ಅರ್ಧ.

ಈ ವರ್ಷ ಯಜಮಾನರು ಶಾಲೆಗೆ ನೋಟುಬುಕ್ಕು ಕೊಡಲಿಲ್ಲ. ಟ್ಯಾಕ್ಸ್ ಕಟ್ಟಿ ಕೈ ಖಾಲಿಯಾ‌ಗಿದೆ, ಬಿಲ್ ಕಲೆಕ್ಟರಮ್ಮನನ್ನೇ ಕೇಳಿ ಎಂದರಂತೆ. ತಾಯಂದಿರು ನಿಜವಾಗಿಯೂ ಬಂದು ಕೇಳಿದರು. ಸಿಟ್ಟಿನಿಂದಲೇ ಕೇಳಿದರು. ನಾನು ಅವರನ್ನೆಲ್ಲ ಕರೆದುಕೊಂಡು ಪಂಚಾಯಿತಿಗೆ ಹೋದೆ. ಮಂಟಪದ ಕಂದಾಯ ಬಂದಿದೆಯಲ್ಲ, ಅದರಲ್ಲಿ ಕೊಡಿ ಎಂದರು ತಾಯಂದಿರು. ಜಗಳವಾಯಿತು, ನಿಯಮ ಹುಡುಕಿದರು, ತಡವಾಯಿತು. ಜುಲೈಯಲ್ಲಿ ಬರಬೇಕಾದದ್ದು ಸೆಪ್ಟೆಂಬರಿನಲ್ಲಿ ಬಂತು. ಒಂದು ಶನಿವಾರ ಬೆಳಿಗ್ಗೆ ಮೇಷ್ಟ್ರು ತರಗತಿಯಲ್ಲೇ ಹಂಚಿದರು. ಫೋಟೋ ತೆಗೆಯಲಿಲ್ಲ. ಮಕ್ಕಳು ತಗೊಂಡು ಚೀಲಕ್ಕೆ ತುರುಕಿಕೊಂಡು ಓಡಿದರು, ಯಾರಿಗೂ ಕೈ ಮುಗಿಯಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಇದ್ದವರು ಹೆಚ್ಚು ಕಟ್ಟಬೇಕು ಎಂದು ನಾನು ಹೇಳುವುದು ಅವರನ್ನು ಬಗ್ಗಿಸುವುದಕ್ಕಲ್ಲ. ಇಲ್ಲದವರು ಬಗ್ಗುವುದು ತಪ್ಪಲಿ ಎಂದು.

ಅಮ್ಮ ಮಾತಾಡುತ್ತಾಳೆ ಈಗ, ಆದರೆ ಒಪ್ಪಿಲ್ಲ. ಯಜಮಾನರು ರಸ್ತೆಯಲ್ಲಿ ಕಂಡರೆ ಅಮ್ಮ ಇವತ್ತಿಗೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ನಾನು ನಮಸ್ಕಾರ ಹೇಳಿ ಮುಂದಕ್ಕೆ ಹೋಗುತ್ತೇನೆ. ಅವರೂ ತಲೆ ಆಡಿಸುತ್ತಾರೆ. ನನ್ನ ಮೇಲಿನ ನೋಟಿಸನ್ನು ಯಾರೂ ವಾಪಸು ತಗೊಂಡಿಲ್ಲ. ಅದು ಫೈಲಿನಲ್ಲಿದೆ, ಯಾವತ್ತು ಬೇಕಾದರೂ ಎದ್ದು ಬರಬಹುದು. ಬರಲಿ. ಉತ್ತರವೂ ಅದೇ ಫೈಲಿನಲ್ಲಿದೆ.

ಹೋದ ವಾರ ಚಿಕ್ಕಬಳ್ಳಾಪುರದ ಆಚೆ ಬೆಟ್ಟದ ಕಡೆಯ ಒಂದು ಪಂಚಾಯಿತಿಯಿಂದ ಫೋನು ಬಂತು. ಅಲ್ಲಿನ ಬಿಲ್ ಕಲೆಕ್ಟರ್, ಹೊಸದಾಗಿ ಸೇರಿದವಳು. ನಮ್ಮ ಮಂಟಪದ ವಿಷಯ ಯಾರಿಂದಲೋ ಕೇಳಿದ್ದಳಂತೆ. ದನಿಯಲ್ಲೇ ಹೆದರಿಕೆ ಕೇಳಿಸುತ್ತಿತ್ತು.

"ಅಕ್ಕಾ, ನಮ್ಮಲ್ಲೊಂದು ದೊಡ್ಡ ಬಂಗ್ಲೆ ಇದೆ. ಈಜುಕೊಳ ಎಲ್ಲಾ ಇದೆ. ದಾಖಲೇಲಿ ದನದ ಕೊಟ್ಟಿಗೆ ಅಂತ ಬರ್ದಿದ್ದಾರೆ. ಏನು ಮಾಡ್ಲಿ?"

"ಆದೇಶದ ಪ್ರತಿ ಇಟ್ಕೋ," ಎಂದೆ. "ಉದ್ದದ ಟೇಪು ತಗೋ, ಸಣ್ಣದು ಸಾಲಲ್ಲ. ಒಬ್ಬಳೇ ಹೋಗ್ಬೇಡ. ಯಾವತ್ತು ಹೋಗ್ತೀಯ ಹೇಳು, ನಾನು ರಜಾ ಹಾಕಿ ಬರ್ತೀನಿ."